ತಡವಾಗಿ ಬಂದ ಹುಡುಗ: ಸಿದ್ಧರಾಮನ ಕಥನದಲ್ಲಿ ಆಕಸ್ಮಿಕ ಮತ್ತು ಆಯ್ಕೆ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ಧ್ವನಿ ಸರಿಯಾಗಿ ಕೇಳಿಸ್ತದ ಅಂತ ತಿಳ್ಕೊಂಡು ಸುರು ಮಾಡ್ತೀನಿ.

ಸಂಕಿರಣದ ವಿಷಯ ನೋಡಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಕಡೆ ದಿನಾ ಕಿವಿಗೆ ಬೀಳುವ ಒಂದು ಮಾತು: ಯೋಗಾಯೋಗ. ಸೊಲ್ಲಾಪುರದ ಬಸ್ ಸ್ಟ್ಯಾಂಡಿನೊಳಗ ಹಳೆಯ ಗೆಳೆಯ ಸಿಕ್ಕರೆ "ಏನ್ ಯೋಗಾಯೋಗ ನೋಡು" ಅಂತಾರೆ. ಮರಾಠಿ ಮಾತಾಡುವವರೂ ಅದೇ ಪದ ಬಳಸ್ತಾರೆ. ಕೂಡಿ ಬರೋದು, ಕೂಡಿ ಬರದೆ ಹೋಗೋದು, ಎರಡೂ ಒಂದೇ ಪದದೊಳಗೆ ಇವೆ. ಶಾಸ್ತ್ರದವರು ಇದಕ್ಕೆ ಕಾಕತಾಳೀಯ ಅಂದರು. ಕಾಗೆ ಬಂದು ಕೂತದ್ದಕ್ಕೂ ತಾಳೆಹಣ್ಣು ಉದುರಿದ್ದಕ್ಕೂ ಸಂಬಂಧವಿಲ್ಲ. ಎರಡೂ ಒಂದೇ ಗಳಿಗೆಯಲ್ಲಿ ಆದವು, ಅಷ್ಟೇ. ಸಂಬಂಧ ಕಾಣಿಸೋದು ಮರದ ಕೆಳಗೆ ನಿಂತು ನೋಡುವವನಿಗೆ. ನನ್ನ ಮಾತು ಈ ನೋಡುವವನ ಬಗ್ಗೆ, ಅಂದರೆ ಮತ್ತೊಬ್ಬರ ಬದುಕನ್ನು ಕಾವ್ಯವಾಗಿಯೋ ಚರಿತ್ರೆಯಾಗಿಯೋ ಬರೆಯುವವನ ಬಗ್ಗೆ. ಒಂದು ಸಣ್ಣ ಆಕಸ್ಮಿಕವನ್ನು ಅವನು ಏನು ಮಾಡ್ತಾನೆ? ಹಾಗೇ ಬಿಡ್ತಾನೋ, ಅದಕ್ಕೊಂದು ವಿಧಿಯ ಅಂಗಿ ತೊಡಿಸ್ತಾನೋ?

ಪಠ್ಯವಾಗಿ ರಾಘವಾಂಕನ ಸಿದ್ಧರಾಮ ಚಾರಿತ್ರವನ್ನು ಇಟ್ಟುಕೊಂಡಿದ್ದೇನೆ. ಸೊನ್ನಲಿಗೆ ಅಂದರೆ ಇವತ್ತಿನ ಸೊಲ್ಲಾಪುರ. ಅಲ್ಲಿನ ಹನ್ನೆರಡನೆಯ ಶತಮಾನದ ಶಿವಯೋಗಿಯ ಕತೆ, ವಾರ್ಧಕ ಷಟ್ಪದಿಯಲ್ಲಿ. ಕತೆ ನಿಮಗೆಲ್ಲ ಗೊತ್ತಿರೋದೇ. ನನಗೆ ಬೇಕಾದದ್ದು ಅದರ ಒಂದೇ ಒಂದು ತಿರುವು.

ಮುದ್ದುಗೌಡ ಮತ್ತು ಸುಗ್ಗವ್ವೆಯ ಮಗ. ಮಾತು ಇಲ್ಲ, ಆಟ ಇಲ್ಲ, ಮಂಕು ಹುಡುಗ ಅಂತ ಮನೆಯವರಿಗೆ ಚಿಂತೆ. ದನ ಕಾಯಲಿಕ್ಕೆ ಕಳಿಸ್ತಾರೆ. ಹೊಲದಲ್ಲಿ ಒಬ್ಬ ಜಂಗಮ ಬರ್ತಾನೆ. ಎಳೆಯ ತೆನೆಯನ್ನು ಸುಟ್ಟು ಕೊಡು ಅಂತಾನೆ. ನಮ್ಮಲ್ಲಿ ಇವತ್ತಿಗೂ ಹೊಲಕ್ಕೆ ಬಂದವರಿಗೆ ಸೀತನಿ ಕೊಡ್ತಾರಲ್ಲ, ಹಾಗೆ. ತಿಂದ ಮೇಲೆ ಹೊಟ್ಟೆ ಉರೀತದ, ತಂಪಿಗೆ ಏನಾದರೂ ತಾ ಅಂತಾನೆ. ಮೊಸರನ್ನ ಅಂತ ಕೆಲವರು ಹೇಳ್ತಾರೆ, ಮಜ್ಜಿಗೆ ಅಂಬಲಿ ಅಂತ ಕೆಲವರು. ಊಟದ ಹೆಸರು ಹೇಳುವ ಮನೆಗೆ ತಕ್ಕಂತೆ ಬದಲಾಗ್ತದೆ. ಹುಡುಗ ಮನೆಗೆ ಓಡ್ತಾನೆ. ಮಾತೇ ಆಡದ ಮಗ ಬಂದು ಊಟ ಕೇಳಿದ್ದಕ್ಕೆ ತಾಯಿಗೆ ಹಿಗ್ಗು. ಕಟ್ಟಿ ಕೊಡ್ತಾಳೆ. ತಗೊಂಡು ಬಂದರೆ ಜಂಗಮ ಇಲ್ಲ.

ಅಷ್ಟೇ. ಮುಂದಿನದೆಲ್ಲ, ಅಂದರೆ ಮಲ್ಲಯ್ಯ ಮಲ್ಲಯ್ಯ ಅಂತ ಅತ್ತದ್ದು, ದಾರಿಯಲ್ಲಿ ಹೋಗುತ್ತಿದ್ದ ಶ್ರೀಶೈಲದ ಯಾತ್ರಿಕರ ಕಿವಿಗೆ ಅದು ಬಿದ್ದದ್ದು, ಅವರ ಜೊತೆ ಹೋದದ್ದು, ತಿರುಗಿ ಬಂದು ಕೆರೆ ಕಟ್ಟಿಸಿದ್ದು, ಎಲ್ಲವೂ ಈ ತಡದಿಂದ ಹುಟ್ಟಿದ್ದು. ಊಟ ಹೊತ್ತಿಗೆ ಸರಿಯಾಗಿ ಮುಟ್ಟಿದ್ದರೆ ಏನಾಗ್ತಿತ್ತು? ಜಂಗಮ ಉಂಡು, ಹರಸಿ, ಹೋಗ್ತಿದ್ದ. ಹುಡುಗ ದನ ಹೊಡಕೊಂಡು ಸಂಜೆಗೆ ಮನೆಗೆ ಬರ್ತಿದ್ದ. ಒಬ್ಬ ಹಸಿದವನಿಗೆ ಉಣಿಸಿದ ಸಮಾಧಾನ ಇರ್ತಿತ್ತು, ಕಾವ್ಯ ಇರ್ತಿರಲಿಲ್ಲ.

ಇಲ್ಲಿ ಒಂದು ತೊಡಕಿದೆ. ರಾಘವಾಂಕ ಈ ದೃಶ್ಯಕ್ಕೆ ಬರೋ ಮೊದಲೇ ರೇವಣಸಿದ್ಧನ ಬಾಯಿಂದ ಭವಿಷ್ಯ ನುಡಿಸಿಬಿಟ್ಟಿದ್ದಾನೆ: ಸೊನ್ನಲಿಗೆಯಲ್ಲಿ ಇಂಥ ಮಹಾತ್ಮ ಹುಟ್ಟುತ್ತಾನೆ ಅಂತ. ಕೇಳುವವನಿಗೆ ಫಲಿತಾಂಶ ಮೊದಲೇ ಗೊತ್ತು. ಜಂಗಮ ಸಾಕ್ಷಾತ್ ಮಲ್ಲಿನಾಥ ಅನ್ನೋದೂ ಗೊತ್ತು. ಹಾಗಾದರೆ ಇದು ಆಕಸ್ಮಿಕ ಹೇಗೆ? ಎಲ್ಲ ದೇವರ ಲೀಲೆ, ತಡವೂ ಲೀಲೆ ಅಂತ ಹೇಳಿ ಮುಗಿಸಬಹುದು; ಬಹಳ ಮಂದಿ ಹಾಗೇ ಮುಗಿಸ್ತಾರೆ. ನನಗೆ ಅದು ಕಾವ್ಯದ ಅರ್ಧವನ್ನಷ್ಟೇ ಓದಿದ ಹಾಗೆ ಕಾಣ್ತದೆ.

ಯಾಕಂದರೆ ಭವಿಷ್ಯವಾಣಿ ಗೊತ್ತಿರೋದು ನಮಗೆ. ಹುಡುಗನಿಗೆ ಗೊತ್ತಿಲ್ಲ. ಸುಗ್ಗವ್ವೆಗೆ ಆ ಹೊತ್ತಿನಲ್ಲಿ ಅದರ ನೆನಪೂ ಇಲ್ಲ. ಮಗ ಮಾತಾಡಿದ ಅನ್ನೋದೇ ಆಕೆಗೆ ದೊಡ್ಡದು. ಆ ಗಳಿಗೆಯಲ್ಲಿ ನಡೀತಿರೋದು ಅಡುಗೆಮನೆಯ ಕೆಲಸ. ಹೊಲಕ್ಕೂ ಮನೆಗೂ ನಡುವಿನ ದೂರ, ಅನ್ನ ಕಲಸಿ ಕಟ್ಟುವ ಹೊತ್ತು, ಓಡುವ ಸಣ್ಣ ಕಾಲು. ತಡ ಆದದ್ದು ಇವುಗಳಿಂದ. ದೈವದ ಯೋಜನೆ ಮೇಲಿನ ಪದರದಲ್ಲಿದ್ದರೂ ಅದು ನಡೆಯಬೇಕಾದದ್ದು ಈ ಕೆಳಗಿನ ಪದರದೊಳಗೇ. ಜೊತೆಗೆ, ಖಾಲಿ ಜಾಗದ ಮುಂದೆ ಊಟದ ಗಂಟು ಹಿಡಿದು ನಿಂತಾಗ ಹುಡುಗನಿಗೆ ಒಂದು ಆಯ್ಕೆ ಇತ್ತು. ಹಾಗೆ ಬಂದವರು ಹೋಗೋದು ಲೋಕರೂಢಿ. ಯಾರೂ ಅವನನ್ನು ತಪ್ಪಿತಸ್ಥ ಅಂತಿರಲಿಲ್ಲ. ಗಂಟು ಬಿಚ್ಚಿ ತಾನೇ ಉಣ್ಣಬಹುದಿತ್ತು, ಮನೆಗೆ ಮರಳಬಹುದಿತ್ತು. ಅವನು ಕರೆಯಲಿಕ್ಕೆ ಸುರು ಮಾಡಿದ. ರೇವಣಸಿದ್ಧನ ನುಡಿ ಹುಟ್ಟಿನ ಬಗ್ಗೆ ಹೇಳುತ್ತದೆ, ಮಹಿಮೆಯ ಬಗ್ಗೆ ಹೇಳುತ್ತದೆ. ಈ ಕರೆಯುವಿಕೆಯನ್ನು ಅದು ವಿವರಿಸೋದಿಲ್ಲ. ಅದನ್ನು ವಿವರಿಸಲಿಕ್ಕೆ ಕವಿಗೆ ಹೊಲ ಬೇಕಾಯ್ತು, ಉರಿ ಬೇಕಾಯ್ತು, ತಾಯಿ ಬೇಕಾಯ್ತು.

ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಒಂದು ಉದಾಹರಣೆ ಕೊಡ್ತಾನೆ. ಆರ್ಗಾಸ್ ಊರಿನಲ್ಲಿ ಮಿಟಿಸ್ ಎಂಬವನ ಪ್ರತಿಮೆ ಇತ್ತು. ಆ ಮಿಟಿಸನ ಸಾವಿಗೆ ಕಾರಣನಾದವನು ನೋಡ್ತಾ ನಿಂತಾಗ ಅದೇ ಪ್ರತಿಮೆ ಅವನ ಮೇಲೆ ಬಿದ್ದು ಅವನು ಸತ್ತ. ಬರೀ ಆಕಸ್ಮಿಕವೇ ಆದರೂ ಉದ್ದೇಶ ಇದ್ದಂತೆ ಕಾಣುವ ಇಂಥದು ಕತೆಯಲ್ಲಿ ಹೆಚ್ಚು ಬೆರಗು ಹುಟ್ಟಿಸುತ್ತದೆ ಅನ್ನೋದು ಅವನ ವಾದ. ರಾಘವಾಂಕನ ಕಷ್ಟ ಇದಕ್ಕೆ ತದ್ವಿರುದ್ಧ. ಅವನ ಹತ್ತಿರ ಉದ್ದೇಶ ಮೊದಲೇ ಇದೆ, ತುಂಬಿ ತುಳುಕುವಷ್ಟಿದೆ. ಅದು ಆಕಸ್ಮಿಕದಂತೆ ಕಾಣದೆ ಹೋದರೆ ಕತೆ ಸತ್ತುಹೋಗ್ತದೆ. ಆದ್ದರಿಂದ ಅವನು ಸುಟ್ಟ ತೆನೆಯನ್ನೂ ಹೊಟ್ಟೆಯುರಿಯನ್ನೂ ತರ್ತಾನೆ. ಸರ್ವಶಕ್ತನಾದ ದೇವರು ಒಬ್ಬ ಹುಡುಗನನ್ನು ಬರೀ ಮುಟ್ಟಿ ಎಬ್ಬಿಸಬಹುದಿತ್ತಲ್ಲ. ಸೀತನಿ ತಿಂದು ಹೊಟ್ಟೆ ಕೆಡಿಸಿಕೊಳ್ಳೋದು ಯಾಕೆ ಬೇಕಿತ್ತು? ಕತೆಗೆ ಬೇಕಿತ್ತು.

ಶ್ರೀಶೈಲದಲ್ಲಿ ಇದೇ ಮಾದರಿ ಇನ್ನೊಮ್ಮೆ ಬರ್ತದೆ. ಯಾತ್ರಿಕರು ಅವನನ್ನು ಗುಡಿಗೆ ಕರಕೊಂಡು ಹೋಗಿ ಲಿಂಗ ತೋರಿಸಿ "ಇವನೇ ಮಲ್ಲಯ್ಯ" ಅಂತಾರೆ. ಇವನು ನನ್ನ ಮಲ್ಲಯ್ಯ ಅಲ್ಲ, ನನ್ನ ಹತ್ತಿರ ಊಟ ಕೇಳಿದವನು ಬೇರೆ ಅಂತಾನೆ ಹುಡುಗ. ಇಡೀ ಚಾರಿತ್ರದಲ್ಲಿ ನನಗೆ ಬಹಳ ದಿಟ್ಟವಾಗಿ ಕಾಣುವ ಜಾಗ ಇದು. ದೊಡ್ಡವರೆಲ್ಲ ಒಪ್ಪಿಕೊಂಡ ಉತ್ತರವನ್ನು ಅವನು ಒಪ್ಪಲಿಲ್ಲ. ಒಪ್ಪಿದ್ದರೆ ಕೈ ಮುಗಿದು ಪ್ರಸಾದ ತಗೊಂಡು ಅದೇ ಯಾತ್ರಿಕರ ಜೊತೆ ವಾಪಸ್ ಬರ್ತಿದ್ದ. ಒಪ್ಪದೆ ಹುಡುಕ್ತಾ ಹೋಗಿ ಕಮರಿಯ ಅಂಚಿಗೆ ಬಂದು ಬೀಳುವ ಹೊತ್ತಿಗೆ ಮಲ್ಲಯ್ಯ ಹಿಡಿದುಕೊಳ್ತಾನೆ. ಸೊನ್ನಲಿಗೆಗೆ ತಿರುಗಿ ಹೋಗು, ಅದನ್ನೇ ಶ್ರೀಶೈಲ ಮಾಡು ಅಂತಾನೆ. ಹುಡುಕಿಕೊಂಡು ಹೋದವನಿಗೆ ಸಿಕ್ಕ ಉತ್ತರ, ಹೊರಟ ಊರಿಗೇ ಹೋಗು ಅನ್ನೋದು!

ಅಲ್ಲಮನ ಭೇಟಿಯ ಬಗ್ಗೆ ಬೇಗ ಹೇಳಿಬಿಡ್ತೀನಿ, ಅದನ್ನು ನೀವೆಲ್ಲ ತರಗತಿಯಲ್ಲಿ ಓದಿದ್ದೀರಿ. ಶೂನ್ಯಸಂಪಾದನೆಯಲ್ಲಿ ಅಲ್ಲಮ ಬಂದು ಕೆರೆಯ ಕೆಲಸದವರ ಮುಂದೆ ಸಿದ್ಧರಾಮನನ್ನು ವಡ್ಡರಾಮ ಅಂತ ಕರೀತಾನೆ. ಅವರಿಗೆ ಸಿಟ್ಟು ಬಂದು ಕಲ್ಲು ತೂರ್ತಾರೆ. ಒಂದು ಪದ, ಒಂದು ಬಿರುಸು ಮಾತು. ಅಲ್ಲಿಂದ ಕಲ್ಯಾಣದ ದಾರಿ ತೆರೆದುಕೊಳ್ತದೆ. ಆದರೆ ಅಲ್ಲಮ ಬೇಕಂತಲೇ ಕೆಣಕಲಿಕ್ಕೆ ಬಂದವನು. ಆ ದೃಶ್ಯದಲ್ಲಿ ಆಕಸ್ಮಿಕದ ಪಾಲು ಕಡಿಮೆ, ತಂತ್ರದ ಪಾಲು ಹೆಚ್ಚು. ನನ್ನ ವಾದಕ್ಕೆ ಅದು ಅಷ್ಟಾಗಿ ಒದಗೋದಿಲ್ಲ.

ರಾಘವಾಂಕನಿಗೆ ಸಣ್ಣ ಮಾತಿನಿಂದ ಬದುಕು ಮಗುಚುವ ಪರಿ ಗೊತ್ತಿತ್ತು ಅನ್ನೋದಕ್ಕೆ ಹರಿಶ್ಚಂದ್ರ ಕಾವ್ಯವೇ ಸಾಕ್ಷಿ. ಇಂದ್ರನ ಸಭೆಯಲ್ಲಿ ವಸಿಷ್ಠ ಒಂದು ಹೆಸರು ಹೇಳ್ತಾನೆ, ವಿಶ್ವಾಮಿತ್ರ ಅಲ್ಲ ಅಂತಾನೆ. ಇಬ್ಬರು ಋಷಿಗಳ ಜಿದ್ದಿಗೆ ಅಯೋಧ್ಯೆಯ ಒಬ್ಬ ರಾಜ ಸುಡುಗಾಡು ಕಾಯಬೇಕಾಯ್ತು. ಆ ಸಭೆಯ ಸುದ್ದಿಯೇ ಹರಿಶ್ಚಂದ್ರನಿಗೆ ಗೊತ್ತಿಲ್ಲ, ನೋಡ್ರಿ. ತನ್ನ ಮೇಲೆ ಬಂದದ್ದು ಎಲ್ಲಿಂದ ಬಂತು ಅಂತ ತಿಳಿಯದೆ ಅವನು ತಾನು ಹಿಡಿದದ್ದನ್ನು ಬಿಡಲಿಲ್ಲ.

ಇದರ ಜೊತೆ ಪರಂಪರೆ ರಾಘವಾಂಕನ ಬಗ್ಗೆಯೇ ಒಂದು ಕತೆ ಹೇಳ್ತದೆ. ಶಿವಶರಣರನ್ನು ಬಿಟ್ಟು ರಾಜನೊಬ್ಬನನ್ನು ಹಾಡಿದ್ದಕ್ಕೆ ಸೋದರಮಾವನೂ ಗುರುವೂ ಆದ ಹರಿಹರ ಸಿಟ್ಟಾಗಿ ಹೊಡೆದು ಹಲ್ಲು ಉದುರಿಸಿದನಂತೆ. ಆಮೇಲೆ ಶರಣರ ಕಾವ್ಯಗಳನ್ನು ಬರೆದಂತೆ ಹಲ್ಲುಗಳು ಮರಳಿ ಬಂದವಂತೆ. ಸಿದ್ಧರಾಮ ಚಾರಿತ್ರ ಆ ಶರಣರ ಸಾಲಿನದೇ. ಐತಿಹ್ಯವನ್ನು ಇತಿಹಾಸ ಅಂತ ನಾನು ಓದ್ತಾ ಇಲ್ಲ. ಕವಿಯ ಬದುಕನ್ನು ಹೇಳುವಾಗಲೂ ನಮ್ಮ ಪರಂಪರೆಗೆ ಒಂದು ಏಟು, ಒಂದು ತಿರುವು ಬೇಕಾಗಿತ್ತು ಅನ್ನೋದನ್ನ ಗಮನಿಸಿರಿ ಅಂತಷ್ಟೇ.

ಊರು ಈ ಕತೆಯನ್ನು ಹೇಗೆ ಇಟ್ಟುಕೊಂಡಿದೆ ಅನ್ನೋದೂ ಮುಖ್ಯ. ಸೊಲ್ಲಾಪುರದಲ್ಲಿ ಪ್ರತಿ ಜನವರಿ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ಏಳು ನಂದಿಧ್ವಜಗಳ ಮೆರವಣಿಗೆ, 68 ಲಿಂಗಗಳಿಗೆ ಎಣ್ಣೆಮಜ್ಜನ, ಕೆರೆಯ ದಂಡೆಯ ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ. ಅದೊಂದು ಮದುವೆ. ಕುಂಬಾರರ ಹುಡುಗಿಯೊಬ್ಬಳು ಸಿದ್ಧರಾಮನನ್ನು ಮದುವೆಯಾಗಬೇಕು ಅಂದಳು. ಆತ ತನ್ನ ಯೋಗದಂಡವನ್ನು ಮದುವೆಯಾಗು ಅಂದ. ಮಹಾತ್ಮನ ಚರಿತ್ರೆಯಲ್ಲಿ ಆ ಹುಡುಗಿಯ ಆಸೆ ಒಂದು ಅಡ್ಡ ಎಳೆ. ಯಾವ ಭವಿಷ್ಯವಾಣಿಯಲ್ಲೂ ಅವಳಿಲ್ಲ. ಆದರೆ ಊರು ನೂರಾರು ವರ್ಷಗಳಿಂದ ಸಡಗರದಿಂದ ಮಾಡ್ತಾ ಬಂದಿರೋದು ಅವಳ ಮದುವೆಯನ್ನು. ಜನ ಲಕ್ಷಗಟ್ಟಲೆ ಸೇರ್ತಾರೆ. ಲಿಖಿತ ಕಥನ ಸಣ್ಣದು ಅಂತ ಬದಿಗಿಟ್ಟದ್ದನ್ನು ಆಚರಣೆ ನಡುಮಧ್ಯಕ್ಕೆ ತಂದಿಟ್ಟಿದೆ. ನಮ್ಮ ವಿಮರ್ಶೆ ಇದನ್ನು ಬರೀ ಜಾನಪದ ಅಂತ ಬೇರೆ ಅಧ್ಯಾಯಕ್ಕೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಪುರಾಣದಿಂದ ಹೊರಗೆ ಬಂದು ಅಕ್ಕಲಕೋಟೆಯ ಕಡೆ ನೋಡೋಣ, ಸೊಲ್ಲಾಪುರದಿಂದ 40 ಕಿಲೋಮೀಟರಿನೊಳಗಿನ ಊರು. ಅಲ್ಲಿನ ಸಂಸ್ಥಾನದ ಮೂಲಕತೆ ಆಧುನಿಕ ಕಾಲಕ್ಕೆ ಹತ್ತಿರದ್ದು. 1707ರಲ್ಲಿ ಔರಂಗಜೇಬ ಸತ್ತ ಮೇಲೆ ಮೊಗಲರ ಸೆರೆಯಿಂದ ಬಿಡುಗಡೆಯಾದ ಶಾಹೂ ದಕ್ಷಿಣಕ್ಕೆ ಬರ್ತಿದ್ದ. ದಾರಿಯಲ್ಲಿ ಪಾರದ ಎಂಬ ಹಳ್ಳಿಯ ಪಾಟೀಲ ಲೋಖಂಡೆ ಎದುರಾದ, ಜಗಳವಾಯ್ತು, ಪಾಟೀಲ ಸತ್ತ. ಅವನ ಹೆಂಡತಿ ತನ್ನ ಎಳೆಯ ಮಗನನ್ನು ತಂದು ಶಾಹೂನ ಮುಂದೆ ಹಾಕಿದಳು. ಶಾಹೂ ಆ ಮಗುವನ್ನು ಸಾಕಿಕೊಂಡ. ಅದು ತನ್ನ ಮೊದಲ ಗೆಲುವು ಅಂತ ರಾಣೋಜಿ ಎಂಬ ಹೆಸರು ಹೋಗಿ ಫತೇಸಿಂಹ ಆಯ್ತು, ಲೋಖಂಡೆ ಹೋಗಿ ಭೋಸಲೆ ಆಯ್ತು. ಆ ಹುಡುಗನಿಗೆ ಮುಂದೆ ಸಿಕ್ಕದ್ದು ಅಕ್ಕಲಕೋಟೆ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವ ತನಕ ಅದೇ ಮನೆತನ ಆಳಿತು.

ಈ ಕತೆಯನ್ನು ಸಾಮಾನ್ಯವಾಗಿ ಹೇಳೋದು ಶಾಹೂನ ಔದಾರ್ಯದ ಕತೆ ಅಂತ. ಹೆಣದ ಪಕ್ಕ ನಿಂತ ಆ ಹೆಂಗಸಿನ ಲೆಕ್ಕಾಚಾರ ಎಷ್ಟು ಚುರುಕಾಗಿತ್ತು ಅನ್ನೋದನ್ನ ಯಾರೂ ಬಿಡಿಸಿ ನೋಡೋದಿಲ್ಲ. ಕೊಂದವನ ಕಾಲ ಬುಡದಲ್ಲೇ ಮಗು ಉಳಿಯುವ ದಾರಿ ಇದೆ ಅಂತ ಆಕೆಗೆ ಹೊಳೆಯಿತು. ಸುಗ್ಗವ್ವೆಯ ಬುತ್ತಿಗೂ ಈಕೆಯ ಕೈಯಲ್ಲಿದ್ದ ಕೂಸಿಗೂ ಒಂದು ಹೋಲಿಕೆ ಇದೆ: ಇಬ್ಬರ ಕೆಲಸವೂ ಕಥನದ ಕೀಲು, ಇಬ್ಬರೂ ಕಥನದಿಂದ ಬೇಗ ಮರೆಯಾಗ್ತಾರೆ. ಮಗುವಿಗೆ ಎರಡು ಹೆಸರು ಉಳಿದವು, ಆಕೆಯನ್ನು ಪಾಟೀಲನ ಹೆಂಡತಿ ಅಂತಲೇ ಕರೀತಾ ಬಂದಿದ್ದಾರೆ.

ಈಗ ಜಯದೇವಿತಾಯಿ ಲಿಗಾಡೆ. ನಿಜ ಹೇಳಬೇಕಂದರೆ ಈ ಉಪನ್ಯಾಸ ಇರೋದೇ ಇವರಿಗಾಗಿ.

1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ಕಲಿತದ್ದು ಮರಾಠಿ ಶಾಲೆಯಲ್ಲಿ. ಎಳೆಯ ವಯಸ್ಸಿನಲ್ಲೇ ಮದುವೆ. ಕನ್ನಡದ ಓದು ಬರಹವನ್ನು ಆಮೇಲೆ ಸ್ವಂತ ಪ್ರಯತ್ನದಿಂದ ಗಳಿಸಿಕೊಂಡರು. ವಚನಗಳನ್ನು ಮರಾಠಿಗೆ ಒಯ್ದರು, ಕನ್ನಡದಲ್ಲಿ ಶ್ರೀ ಸಿದ್ಧರಾಮೇಶ್ವರ ಪುರಾಣವನ್ನು ಬರೆದರು, ಏಕೀಕರಣಕ್ಕೆ ದುಡಿದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1915ರಿಂದ ನಡೀತಾ ಬಂದಿದ್ದ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರು, ಅದೂ ಕನ್ನಡ ಶಾಲೆಯ ಮೆಟ್ಟಿಲು ಹತ್ತದವರು.

ಇವರ ಬಗ್ಗೆ ಬಂದ ಪರಿಚಯ ಲೇಖನಗಳಲ್ಲಿ ಒಂದು ಧಾಟಿ ಇದೆ: ಸಿದ್ಧರಾಮನ ನೆಲದಲ್ಲಿ ಹುಟ್ಟಿದವರು, ಆದ್ದರಿಂದ ಸಿದ್ಧರಾಮನೇ ಬರೆಸಿಕೊಂಡ. ಭಕ್ತಿಯ ಮಾತಾಗಿ ಅದು ಸರಿ, ತಾಯಿಯವರಿಗೂ ಅದು ಒಪ್ಪಿಗೆಯಾಗ್ತಿತ್ತೇನೋ. ವಿಮರ್ಶೆಯ ಮಾತಾಗಿ ಅದರಿಂದ ಒಂದು ನಷ್ಟ ಇದೆ. ಪುರಾಣದ ಛಂದಸ್ಸನ್ನು ನೋಡಿದರೆ ಆ ನಷ್ಟ ಏನು ಅಂತ ಗೊತ್ತಾಗ್ತದೆ.

ರಾಘವಾಂಕ ಬಳಸಿದ್ದು ಷಟ್ಪದಿ, ಪಂಡಿತರೂ ಗಮಕಿಗಳೂ ಮೆಚ್ಚುವಂಥದ್ದು. ಜಯದೇವಿತಾಯಿ ತ್ರಿಪದಿ ಹಿಡಿದರು. ಅಷ್ಟು ದೊಡ್ಡ ಪುರಾಣಕ್ಕೆ ಮೂರು ಸಾಲಿನ ಮಟ್ಟು ಯಾಕೆ? ಸರಳತೆಗಾಗಿ ಅನ್ನೋದು ಸುಲಭದ ಉತ್ತರ. ನನ್ನ ಓದು ಹೀಗಿದೆ: ಕನ್ನಡ ಶಾಲೆಯಲ್ಲಿ ಓದಿದವರಿಗೆ ಷಟ್ಪದಿ ಪಠ್ಯಪುಸ್ತಕದ ಮೂಲಕ, ಮಾಸ್ತರರ ಬಾಯಿಂದ ಬರ್ತದೆ. ತ್ರಿಪದಿ ಬರೋದು ಬೀಸುಕಲ್ಲಿನಿಂದ. ಸೊಲ್ಲಾಪುರ, ಅಕ್ಕಲಕೋಟೆ, ವಿಜಯಪುರ ಸೀಮೆಯ ಯಾವ ಹೆಣ್ಣುಮಗಳಿಗೂ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬೀಸುವಾಗ, ಕುಟ್ಟುವಾಗ, ತೊಟ್ಟಿಲು ತೂಗುವಾಗ ಕಿವಿಗೆ ಬಿದ್ದೇ ಬೀಳ್ತಿತ್ತು. ಶಾಲೆಯ ಕನ್ನಡ ಸಿಗದೆ ಹೋದವರ ಹತ್ತಿರ ಉಳಿದ ಕನ್ನಡ ಅದು. ಯಾವುದೋ ವರ್ಷ, ಯಾರೋ ಹಿರಿಯರು, ಹತ್ತಿರ ಇದ್ದ ಶಾಲೆಗೆ ಹೆಸರು ಹಚ್ಚಿದರು. ಆ ಸಣ್ಣ ನಿರ್ಧಾರದ ಗುರುತು ನಲವತ್ತು ವರ್ಷಗಳ ನಂತರದ ಕಾವ್ಯದ ಪದ್ಯ ಪದ್ಯದಲ್ಲೂ ಉಳಿದಿದೆ. ಸಿದ್ಧರಾಮ ಬರೆಸಿಕೊಂಡ ಅಂತ ಹೇಳಿ ಬಿಟ್ಟರೆ ಈ ಗುರುತನ್ನು ನಾವು ನೋಡೋದೇ ಇಲ್ಲ. ಬೀಸುಕಲ್ಲಿನ ಮಟ್ಟಿನಲ್ಲಿ ಪುರಾಣ ಕಟ್ಟುವ ಧೈರ್ಯ ಎಷ್ಟು ದೊಡ್ಡದು ಅನ್ನೋದೂ ಕಾಣೋದಿಲ್ಲ.

ಮರಾಠಿ ಶಾಲೆ ಆಕಸ್ಮಿಕ ಅಂತಿಟ್ಟುಕೊಳ್ಳಿ. ಕನ್ನಡ ಅಕ್ಷರಕ್ಕೆ ತಾವಾಗಿ ಕೂತದ್ದು ಆಕಸ್ಮಿಕ ಅಲ್ಲ. ಊಟದ ಗಂಟು ಹಿಡಿದು ಖಾಲಿ ಜಾಗಕ್ಕೆ ಬಂದ ಹುಡುಗನ ಸ್ಥಿತಿಯೇ ಅದು. ತಡ ಆಗಿತ್ತು, ಮನೆಗೆ ಮರಳಿದ್ದರೂ ಯಾರೂ ಬೈತಿರಲಿಲ್ಲ.

ಬೇಂದ್ರೆಯವರದು ಇದರ ಇನ್ನೊಂದು ಮಗ್ಗುಲು. ಮನೆಮಾತು ಮರಾಠಿ, ಬರೆದದ್ದು ಕನ್ನಡ. ನರಬಲಿ ಕವಿತೆಗಾಗಿ ಹಿಂಡಲಗಿಯ ಜೈಲು, ಮುಗದದಲ್ಲಿ ನಿರ್ಬಂಧ. ಆಮೇಲೆ ಭದ್ರವಾದ ನೌಕರಿ ಇಲ್ಲದೆ ಕಳೆದ ಹತ್ತು ವರ್ಷ. 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರ ಕೆಲಸ ಸಿಕ್ಕಿತು, 1956ರ ತನಕ ಇದ್ದರು. ಹನ್ನೆರಡು ವರ್ಷ! ಅಕಾಡೆಮಿ ಪ್ರಶಸ್ತಿ ಪಡೆದ ಅರಳು ಮರಳು ಅವರು ಧಾರವಾಡಕ್ಕೆ ಮರಳಿದ ಬೆನ್ನಿಗೇ ಬಂದ ಪುಸ್ತಕ, ಐದು ಸಂಕಲನಗಳ ಗಂಟು. ಧಾರವಾಡದ ಸಾಧನಕೇರಿಯ ಬಗ್ಗೆ ನಾವು ಪುಟಗಟ್ಟಲೆ ಬರೆದಿದ್ದೇವೆ, ಸೊಲ್ಲಾಪುರದ ಬೇಂದ್ರೆಗೆ ಒಂದು ವಾಕ್ಯ ಕೊಟ್ಟು ಮುಂದೆ ಹೋಗ್ತೇವೆ, ನೌಕರಿಯ ನಿಮಿತ್ತ ಹೋಗಿದ್ದರು ಅಂತ. ನಿಮಿತ್ತ ಅನ್ನೋ ಪದವನ್ನೇ ನಿಂತು ನೋಡಬೇಕು. ಮರಾಠಿ ಓಣಿಯಲ್ಲಿ ಕನ್ನಡ ಪಾಠ ಹೇಳ್ತಾ ಎರಡೂ ಭಾಷೆಗಳ ಶಬ್ದಗಳನ್ನು ತಿರುವಿ ತಿರುವಿ ನೋಡಿದ ಹನ್ನೆರಡು ವರ್ಷ, ಅವರ ಕೊನೆಗಾಲದ ಶಬ್ದದ ಗೀಳಿಗೆ ಏನೂ ಸಂಬಂಧವಿಲ್ಲದ್ದಾ? ನನಗೆ ಇದೆ ಅನ್ನಿಸ್ತದೆ. ಯಾರಾದರೂ ಇದನ್ನು ಪಿಎಚ್‌ಡಿಗೆ ಎತ್ತಿಕೊಳ್ಳಲಿ.

ಆದರೆ ಇಲ್ಲೇ ಒಂದು ಎಚ್ಚರವೂ ಬೇಕು. ಬೇಂದ್ರೆ ಸೊಲ್ಲಾಪುರ ಬಿಟ್ಟದ್ದು 1956, ರಾಜ್ಯಗಳ ಪುನರ್ವಿಂಗಡಣೆ ಆದದ್ದೂ 1956. ಗೆರೆ ಎಳೆದ ವರ್ಷ ಕನ್ನಡದ ಕವಿ ಗೆರೆಯಾಚೆಯಿಂದ ಈಚೆಗೆ ಬಂದರು ಅಂತ ಬರೆಯಲಿಕ್ಕೆ ಕೈ ತುರಿಸ್ತದೆ. ಅವರು ಬಂದದ್ದು ನಿವೃತ್ತಿಯಾಗಿ. ಇದು ಅಪ್ಪಟ ಕಾಗೆ ಮತ್ತು ತಾಳೆಹಣ್ಣು.

ಇಷ್ಟೆಲ್ಲ ಯಾಕೆ ಹೇಳ್ತಿದ್ದೀನಿ ಅಂದರೆ, ಅಕ್ಕಲಕೋಟೆ ತಾಲೂಕಿನ ಕನ್ನಡ ಮನೆಗಳಲ್ಲಿ ಇವತ್ತಿಗೂ ಜೂನ್ ತಿಂಗಳಲ್ಲಿ ಈ ನಿರ್ಧಾರ ಆಗ್ತದೆ. ಮಗುವನ್ನು ಕನ್ನಡ ಶಾಲೆಗೆ ಹಾಕೋದೋ, ಮರಾಠಿಗೋ, ಇಂಗ್ಲಿಷಿಗೋ. ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕ್ತದೆ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಇವೆ. ನಿರ್ಧಾರ ಮಾತ್ರ ಬಹಳ ಸಲ ಸಣ್ಣ ಕಾರಣಕ್ಕೆ ಆಗ್ತದೆ: ಯಾವ ಶಾಲೆಗೆ ರಸ್ತೆ ದಾಟಬೇಕಾಗಿಲ್ಲ, ಕಾಕಾನ ಮಗ ಎಲ್ಲಿ ಹೋಗ್ತಾನ, ಮನೆ ಮುಂದೆ ಯಾವ ಗಾಡಿ ಬರ್ತದ. ಹಾಗೆ ಮರಾಠಿಗೋ ಇಂಗ್ಲಿಷಿಗೋ ಹೋದ ಹುಡುಗಿ ಇಪ್ಪತ್ತು ವರ್ಷದವಳಾದಾಗ ನಮ್ಮ ಮುಂದೆ ಬಂದು, ಕನ್ನಡ ಮಾತಾಡಲಿಕ್ಕೆ ಬರ್ತದ್ರಿ ಓದಲಿಕ್ಕೆ ಬರೋದಿಲ್ಲ ಅಂತಾಳೆ. ಆಕೆಗೆ ನಾವು ಜಯದೇವಿತಾಯಿಯವರ ಬದುಕನ್ನು ದೈವ ಬರೆಸಿಕೊಂಡ ಕತೆ ಅಂತ ಕೊಟ್ಟರೆ, ಅವರು ಪುಣ್ಯವಂತರು, ನಾನು ಅಂಥವಳಲ್ಲ ಅಂತ ಪುಸ್ತಕ ಮುಚ್ಚಿ ಇಡ್ತಾಳೆ. ಮರಾಠಿ ಶಾಲೆಯಿಂದ ಬಂದು ತಡವಾಗಿ ಅಕ್ಷರ ತಿದ್ದಿದವರ ಕತೆ ಅಂತ ಕೊಟ್ಟರೆ ಆಕೆಗೆ ಮಾಡಲಿಕ್ಕೆ ಒಂದು ಕೆಲಸ ಸಿಗ್ತದೆ.

ಚರ್ಚೆ

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ): ಸರ್, ಭಕ್ತರ ಕಣ್ಣಿಗೆ ಎಲ್ಲವೂ ಮಲ್ಲಯ್ಯನ ಇಚ್ಛೆ. ಅದನ್ನು ತಡ, ಆಯ್ಕೆ ಅಂತ ಒಡೆದು ನೋಡೋದು ಪಠ್ಯಕ್ಕೆ ಹೊರಗಿನಿಂದ ತಂದ ಅಳತೆಗೋಲು ಆಗೋದಿಲ್ಲವಾ?

ಉತ್ತರ: ಅಳತೆಗೋಲು ಹೊರಗಿನದಲ್ಲಮ್ಮ. ಇವನು ನನ್ನ ಮಲ್ಲಯ್ಯ ಅಲ್ಲ ಅನ್ನುವ ಹುಡುಗನನ್ನು ಸೃಷ್ಟಿಸಿದ್ದು ನಾನಲ್ಲ, ಪಠ್ಯವೇ. ಎಲ್ಲವೂ ಇಚ್ಛೆಯೇ ಆಗಿದ್ದರೆ ಅವನು ಗುಡಿಯೊಳಗಿನ ಲಿಂಗವನ್ನು ಮೊದಲ ನೋಟಕ್ಕೇ ಒಪ್ಪಿಕೊಳ್ಳಬೇಕಿತ್ತು. ಭಕ್ತಿಗೆ ಬೆಲೆ ಬರೋದೇ ಬೇಡ ಅನ್ನುವ ಅವಕಾಶ ಇದ್ದಾಗ. ರಾಘವಾಂಕ ಆ ಅವಕಾಶವನ್ನು ತೆಗೆದುಹಾಕಲಿಲ್ಲ.

ಪ್ರಶ್ನೆ (ಅಧ್ಯಾಪಕರೊಬ್ಬರು): ಸೊಲ್ಲಾಪುರ ಅಂದ ಮೇಲೆ ಡಾ. ಕೋಟ್ನಿಸ್ ಅವರನ್ನು ಬಿಟ್ಟದ್ದು ಯಾಕೆ?

ಉತ್ತರ: ಕನ್ನಡ ಪಠ್ಯ ಅಲ್ಲ ಅಂತ ಬಿಟ್ಟೆ, ಆದರೆ ನೀವು ಕೇಳಿದ್ದು ಒಳ್ಳೇದಾಯ್ತು. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಚೀನಾಕ್ಕೆ ಹೋದ ಐವರು ವೈದ್ಯರಲ್ಲಿ ಒಬ್ಬರು. ಉಳಿದ ನಾಲ್ವರು ಮರಳಿದರು, ಅವರು ಅಲ್ಲೇ ಮದುವೆಯಾದರು, 1942ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು, 32ರ ವಯಸ್ಸು. ಖ್ವಾಜಾ ಅಹ್ಮದ್ ಅಬ್ಬಾಸ್ ಪುಸ್ತಕಕ್ಕೆ ಕೊಟ್ಟ ಹೆಸರೇ ಒಬ್ಬ ಮರಳಿ ಬರಲಿಲ್ಲ ಅನ್ನುವ ಅರ್ಥದ್ದು. ಶಾಂತಾರಾಮರ 1946ರ ಸಿನಿಮಾದ ಹೆಸರಿನಲ್ಲಿ ಅಮರ ಕಹಾನಿ ಅಂತಿದೆ. ಎರಡೂ ಹೆಸರು ಕೊನೆಯಿಂದ ಹಿಂದಕ್ಕೆ ಓದ್ತವೆ. ಹಡಗು ಹತ್ತಿದ ದಿನ ಅವರು ಐವರಲ್ಲಿ ಒಬ್ಬರಷ್ಟೇ, ಯಾರು ಮರಳೋದಿಲ್ಲ ಅಂತ ಯಾರ ಹಣೆಯ ಮೇಲೂ ಬರೆದಿರಲಿಲ್ಲ. ಇನ್ನೊಂದು ಮಾತು: ಹೋಗೋದು ಒಮ್ಮೆ ಮಾಡುವ ನಿರ್ಧಾರ, ಉಳಿಯೋದನ್ನು ಜೊತೆಗಾರರು ಒಬ್ಬೊಬ್ಬರಾಗಿ ಮರಳಿದಾಗೆಲ್ಲ ಹೊಸದಾಗಿ ನಿರ್ಧರಿಸಬೇಕಾಗ್ತದೆ. ಸಿನಿಮಾಕ್ಕೆ ಮೊದಲನೆಯದನ್ನು ತೋರಿಸೋದು ಸುಲಭ.

ಪ್ರಶ್ನೆ (ಅಕ್ಕಲಕೋಟೆಯಿಂದ ಭಾಗವಹಿಸಿದವರು): ನೀವು ಶಾಲೆಯ ಆಯ್ಕೆಯನ್ನು ಸಣ್ಣ ಆಕಸ್ಮಿಕ ಅಂದ್ರಿ. ನಮ್ಮ ಪಾಲಿಗೆ ಅದು ಆಕಸ್ಮಿಕ ಅಲ್ಲರಿ. ಗಡಿ ಎಳೆದವರು ಲೆಕ್ಕ ಹಾಕಿ ಎಳೆದಾರ. ಯೋಗಾಯೋಗ ಅಂದ್ರ ಅವರನ್ನ ಬಿಟ್ಟಂಗ ಆಗ್ತದ.

ಉತ್ತರ: ನೀವು ಹೇಳೋದರಲ್ಲಿ ತಥ್ಯ ಅದರಿ. 1967ರ ಮಹಾಜನ ವರದಿ 247 ಹಳ್ಳಿಗಳನ್ನು ಕರ್ನಾಟಕಕ್ಕೆ ಕೊಡಬೇಕು ಅಂದಾಗ ಅದರಲ್ಲಿ ಅಕ್ಕಲಕೋಟೆಯ ಭಾಗವೂ ಇತ್ತು, ಅದು ಜಾರಿಗೆ ಬರಲಿಲ್ಲ. ಅದು ರಾಜಕೀಯ, ಅದಕ್ಕೆ ಹೊಣೆಗಾರರು ಇದ್ದಾರೆ. ಅದನ್ನು ನಾನು ಯೋಗಾಯೋಗ ಅನ್ನೋದಿಲ್ಲ. ಆದರೆ ಆ ನಿರ್ಧಾರ ಒಂದು ಮನೆಯ ಹೊಸ್ತಿಲಿಗೆ ಬಂದು ಮುಟ್ಟುವಾಗ ಆಕಸ್ಮಿಕದ ರೂಪದಲ್ಲೇ ಬರ್ತದೆ. ಗೆರೆ ಎಳೆದವರು ಯಾರ ಮಗಳು ಯಾವ ಶಾಲೆಗೆ ಹೋಗಬೇಕು ಅಂತ ಬರೆದಿಲ್ಲ. ಅವರು ಒಂದು ಶಾಲೆಯನ್ನು ಹತ್ತಿರ ತಂದರು, ಇನ್ನೊಂದನ್ನು ದೂರ ಮಾಡಿದರು. ಮುಂದಿನದನ್ನು ರಸ್ತೆ, ಗಾಡಿ, ಕಾಕಾನ ಮಗ ಮಾಡಿದರು. ನಾನು ಹೇಳಿದ ಎರಡು ಪದರ ಇದೇ. ಸಿದ್ಧರಾಮ ಚಾರಿತ್ರದಲ್ಲಿ ಮೇಲಿನ ಪದರದಲ್ಲಿ ಮಲ್ಲಯ್ಯ ಕೂತಿದ್ದಾನೆ, ಅಕ್ಕಲಕೋಟೆಯಲ್ಲಿ ಸರಕಾರ.

ಅದೇ ಪ್ರಶ್ನೆಕಾರರು: ಮಲ್ಲಯ್ಯ ಕಮರಿಯ ಅಂಚಿಗೆ ಬಂದಾಗ ಕೈ ಹಿಡಿದನಲ್ಲರಿ.

ಉತ್ತರ: ಹೌದ್ರಿ. ಅಲ್ಲಿಗೆ ನನ್ನ ಹೋಲಿಕೆ ನಿಲ್ತದೆ.